ಕೋಡ್ 2, ಕೋಡ್ 10: ಬಿಡಿಭಾಗ ಕಾರ್ಖಾನೆಯಲ್ಲಿ ಕೆಲಸ ಹೋದ ಕ್ರಮ

ಪ್ರತಿ ತಿಂಗಳು 25ರ ಆಸುಪಾಸಿನಲ್ಲಿ ಗಿರಾಕಿ ಕಂಪನಿಯಿಂದ, ಯಾವ ಬಿಡಿಭಾಗ ಎಷ್ಟು ಬೇಕೆಂಬ ಶೆಡ್ಯೂಲ್ ಬರುತ್ತದೆ. ಮುಂದಿನ ತಿಂಗಳದ್ದು ಖಚಿತ, ಆಮೇಲಿನ ಎರಡು ತಿಂಗಳದ್ದು ಅಂದಾಜು. ಕಚ್ಚಾ ಸರಕು ತರಿಸುವುದರಿಂದ ಹಿಡಿದು ರಾತ್ರಿ ಪಾಳಿಯ ಬಸ್ಸಿನವರೆಗೆ ಕಾರ್ಖಾನೆಯ ಎಲ್ಲ ಲೆಕ್ಕವೂ ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. 2019ರ ಏಪ್ರಿಲ್‌ನಲ್ಲಿ ಬೆಂಗಳೂರು ಹೊರವಲಯದ ನಮ್ಮ ವಾಹನ ಬಿಡಿಭಾಗ ಘಟಕದಲ್ಲಿ ಮೊದಲು ಕುಸಿದದ್ದು ಅಂದಾಜಿನ ಕಾಲಂ. ಖಚಿತ ಕಾಲಂನಲ್ಲಿ ಹಳೆಯ ಸಂಖ್ಯೆಯೇ ಇತ್ತು, ಓಟಿಯೂ (ಪಾಳಿ ಮೀರಿದ ಹೆಚ್ಚುವರಿ ದುಡಿಮೆ) ನಡೆಯುತ್ತಿತ್ತು. ಮೂರನೇ ಕಾಲಂ ಮಾತ್ರ ಕಾಲು ಭಾಗ ಇಳಿದಿತ್ತು. ಸ್ಟೋರ್ಸ್‌ನವರು ಫೋರ್ಜಿಂಗ್ (ಕಾಯಿಸಿ ಬಡಿದು ರೂಪಿಸಿದ ಕಚ್ಚಾ ಲೋಹದ ತುಂಡು) ಆರ್ಡರ್ ತಡೆಹಿಡಿದ ಸಂಗತಿ ಯಂತ್ರದ ಮುಂದೆ ನಿಂತವರಿಗೆ ತಿಳಿದದ್ದು ಆರು ವಾರದ ನಂತರ.

ಅಲ್ಲಿಂದ ಮುಂದಿನ ಹತ್ತು ತಿಂಗಳಲ್ಲಿ ಯಾರು ಯಾವ ಕ್ರಮದಲ್ಲಿ ಹೊರಬಿದ್ದರು, ಕೆಲಸ ಹೋದ ಕಾರಣಕ್ಕೆ ಕಾಗದದಲ್ಲಿ ಬಿದ್ದ ಕೋಡ್‌ನಿಂದ ಹಿಡಿದು ಎಲ್ಲೆಲ್ಲಿ ಕೈಗೆ ಬರಬೇಕಾಗಿದ್ದ ಹಣ ಸೋರಿತು ಎಂಬುದನ್ನು ಕಾರ್ಮಿಕ ಸಮಿತಿಯಲ್ಲಿ ಕೂತು ಕಾಗದ ನೋಡಿದ ನಾವು ಇಲ್ಲಿ ಬರೆದಿದ್ದೇವೆ. ಲೆಕ್ಕಗಳು ಆಗ ಜಾರಿಯಲ್ಲಿದ್ದ ಕಾನೂನಿನವು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಮುಖ್ಯವಾಗಿ ಬದಲಾದದ್ದನ್ನು ಆಯಾ ಜಾಗದಲ್ಲೇ ಹೇಳುತ್ತೇವೆ.

ಆ ವರ್ಷ ಬಿದ್ದದ್ದು ಒಂದೇ ಏಟಲ್ಲ. 2018ರ ಜುಲೈನಲ್ಲಿ ಲಾರಿಗಳ ಆಕ್ಸಲ್ ತೂಕದ ಮಿತಿ ಏರಿತು. ಇದ್ದ ಲಾರಿಯೇ ಹೆಚ್ಚು ಹೊರೆ ಹೊರಬಹುದಾದ್ದರಿಂದ ಹೊಸ ಲಾರಿಯ ಬೇಡಿಕೆ ಇಳಿಯಿತು. ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕಾಯಿತು. ಅದೇ ತಿಂಗಳು ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಫೈನಾನ್ಸ್ ಕಂಪನಿ ಸಾಲ ತೀರಿಸಲಾಗದೆ ಕೂತಿತು, ವಾಹನ ಸಾಲ ಕೊಡುತ್ತಿದ್ದ ಫೈನಾನ್ಸ್ ಕಂಪನಿಗಳ ಕೈ ಬಿಗಿಯಾಯಿತು. 2020ರ ಏಪ್ರಿಲ್ 1ರಿಂದ ಹೊಸ ಹೊಗೆ ಮಿತಿಯಾದ ಬಿಎಸ್-6 ಎಂದು ಮೊದಲೇ ನಿಗದಿಯಾಗಿತ್ತು, ಕೊಳ್ಳುವವರು ಕಾದು ಕೂತರು. 2019ರ ಜುಲೈನಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳು 2,00,790. ಹಿಂದಿನ ವರ್ಷದ ಜುಲೈಗಿಂತ ಶೇ 31ರಷ್ಟು ಕಡಿಮೆ.

ಕಾರಿನ ಮಾರಾಟ ಶೇ 31 ಇಳಿದರೆ ಬಿಡಿಭಾಗದ ಕೆಲಸವೂ ಶೇ 31 ಇಳಿಯುತ್ತದೆ ಎಂದುಕೊಂಡವರು ಮೋಸಹೋದರು. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 10,000 ಸೆಟ್ ಕೊಳ್ಳುತ್ತಿದ್ದ ಕಾರು ಕಂಪನಿ 7,500ಕ್ಕೆ ಇಳಿಸಿತು ಎನ್ನಿ, ಅಂದರೆ ಶೇ 25 ಕಡಿತ. ಅದಕ್ಕೆ ನೇರವಾಗಿ ಸರಕು ಕೊಡುವ ಮೊದಲ ಹಂತದ ಕಂಪನಿಯ ಗೋದಾಮಿನಲ್ಲಿ 15 ದಿನದ ದಾಸ್ತಾನು, ಅಂದರೆ 5,000 ಸೆಟ್ ಇರುತ್ತದೆ. ಹೊಸ ವೇಗಕ್ಕೆ ಅದರ 15 ದಿನದ ದಾಸ್ತಾನು 3,750 ಸಾಕು. ಹಾಗಾಗಿ ಮಿಕ್ಕ 1,250ನ್ನು ಗೋದಾಮಿನಿಂದಲೇ ಕೊಟ್ಟು ಆ ತಿಂಗಳು ತಯಾರಿಸುವುದು 6,250 ಮಾತ್ರ. ಕಡಿತ ಶೇ 37.5 ಆಯಿತು. ಅವರಿಗೆ ಸರಕು ಕೊಡುವ ಎರಡನೇ ಹಂತದವರ ಬಳಿಯೂ 5,000 ದಾಸ್ತಾನಿದೆ. 6,250ರ ವೇಗಕ್ಕೆ ಅವರಿಗೆ 3,125 ಸಾಕು. 1,875 ಗೋದಾಮಿನಿಂದ ಹೋಗುತ್ತದೆ, ತಯಾರಾಗುವುದು 4,375. ಕಡಿತ ಶೇ 56. ನಮ್ಮದು ಎರಡನೇ ಹಂತ. ಮೂರನೇ ಹಂತದಲ್ಲಿರುವ ಪೀಣ್ಯದ ನಾಲ್ಕೈದು ಲೇತಿನ ಶೆಡ್‌ಗಳಿಗೆ ಆ ತಿಂಗಳು ಆರ್ಡರೇ ಹೋಗುವುದಿಲ್ಲ.

ಆ ಶೇ 56 ಶಾಪ್ ಫ್ಲೋರಿನಲ್ಲಿ ಹೀಗೆ ಕಾಣುತ್ತದೆ. ಒಂದು ಸಿಎನ್‌ಸಿ ಟರ್ನಿಂಗ್ ಸೆಲ್‌ನ (ಗಣಕ ನಡೆಸುವ ಲೇತ್‌ಗಳ ಗುಂಪು) ಸೈಕಲ್ ಟೈಮ್, ಅಂದರೆ ಒಂದು ಪೀಸಿಗೆ ಹಿಡಿಯುವ ಹೊತ್ತು, 72 ಸೆಕೆಂಡ್. ಎಂಟು ಗಂಟೆಯ ಪಾಳಿಯಲ್ಲಿ ಊಟ, ಟೀ ಕಳೆದರೆ 435 ನಿಮಿಷ. ಟೂಲ್ ಬದಲಾವಣೆ, ಸಣ್ಣಪುಟ್ಟ ನಿಲುಗಡೆಗೆಂದು ಶೇ 85ರ ದಕ್ಷತೆ ಹಿಡಿದರೆ ಪಾಳಿಗೆ ಸುಮಾರು 308 ಪೀಸ್. ಮೂರು ಪಾಳಿ, 25 ದಿನ ಸೇರಿ 75 ಪಾಳಿ, 23,100 ಪೀಸ್. ಶೆಡ್ಯೂಲ್ ಶೇ 56 ಇಳಿದರೆ ಬೇಕಾಗುವುದು 10,160ರ ಆಸುಪಾಸು, ಅಂದರೆ 33 ಪಾಳಿ. ತಿಂಗಳಿಡೀ ಒಂದು ಪಾಳಿ, ಜೊತೆಗೆ ಎಂಟು ದಿನ ಎರಡನೇ ಪಾಳಿ. ಮೂವರು ನಿಲ್ಲುತ್ತಿದ್ದ ಸೆಲ್‌ಗೆ ಈಗ ಒಬ್ಬ, ಮತ್ತೊಬ್ಬನ ಮೂರನೇ ಒಂದು ಪಾಲು ಸಾಕು. ಇಂಥ 22 ಸೆಲ್‌ಗಳ ಲೆಕ್ಕ ಪ್ಲಾನಿಂಗ್‌ನವರ ಒಂದೇ ಎಕ್ಸೆಲ್ ಹಾಳೆಯಲ್ಲಿತ್ತು. 'ಹೆಚ್ಚುವರಿ' ಎಂಬ ಕಾಲಂ ಅದರಲ್ಲಿ ಮೇ ತಿಂಗಳಿಗೇ ತುಂಬಿತ್ತು.

ಎಲ್ಲ ವಿಭಾಗವೂ ಒಂದೇ ಸಮ ಇಳಿಯುವುದಿಲ್ಲ. ಲೋಹವನ್ನು ಕಾಯಿಸಿ ಗಟ್ಟಿಮಾಡುವ ಹೀಟ್ ಟ್ರೀಟ್‌ಮೆಂಟ್ ಕುಲುಮೆಯನ್ನು ದಿನಾ ಆರಿಸಿ ದಿನಾ ಹೊತ್ತಿಸಲಾಗದು. ಒಳಗಿನ ಇಟ್ಟಿಗೆ ಬಿರುಕುಬಿಡುತ್ತದೆ, ಕಾರ್ಬುರೈಸಿಂಗ್‌ಗೆ (ಉಕ್ಕಿನ ಮೇಲ್ಮೈಗೆ ಇಂಗಾಲ ಇಳಿಸುವುದು) ಬೇಕಾದ 920 ಡಿಗ್ರಿಗೆ ಮತ್ತೆ ತರುವಷ್ಟರಲ್ಲಿ ಗ್ಯಾಸಿನ ಖರ್ಚು ಕೆಲಸದ ಖರ್ಚನ್ನು ಮೀರುತ್ತದೆ. ಅದಕ್ಕೇ ಲೋಡ್ ಕೂಡಿಹಾಕಿ ವಾರಕ್ಕೆ ನಾಲ್ಕು ದಿನ ನಿರಂತರ ಓಡಿಸಿದರು. ಕುಲುಮೆಯವರಿಗೆ ಕೆಲಸ ಉಳಿಯಿತು, ಅವರಿಗೆ ಮಾಲು ಕಳಿಸುತ್ತಿದ್ದ ಟರ್ನಿಂಗ್‌ನವರಿಗೆ ಉಳಿಯಲಿಲ್ಲ. ಕರೆಂಟ್ ಬಿಲ್ಲೂ ಅರ್ಧವಾಗಲಿಲ್ಲ. ಎಚ್‌ಟಿ (ಹೈ ಟೆನ್ಷನ್) ಸಂಪರ್ಕದಲ್ಲಿ ಬಳಸಿದರೂ ಬಿಟ್ಟರೂ, ಮೊದಲೇ ಒಪ್ಪಿಕೊಂಡ ವಿದ್ಯುತ್ ಬೇಡಿಕೆಯ ದೊಡ್ಡ ಪಾಲಿಗೆ ಶುಲ್ಕ ಕಟ್ಟಲೇಬೇಕು. ಯಂತ್ರದ ಸಾಲದ ಕಂತೂ ಅಷ್ಟೇ. ಇಳಿಸಬಹುದಾದ ದೊಡ್ಡ ಖರ್ಚು ಎಂದು ಆಡಳಿತಕ್ಕೆ ಕಂಡದ್ದು ಜನ.

ಮೊದಲು ಹೋದವರು

ಮೊದಲು ಓಟಿ ನಿಂತಿತು. ಆಮೇಲೆ ರಾತ್ರಿ ಪಾಳಿ, ಅದರ ಹಿಂದೆಯೇ ಒಂದು ಬಸ್ಸು, ಕ್ಯಾಂಟೀನಿನ ಅರ್ಧ ಜನ. ಇವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಾರು ಉದ್ಯಮದಲ್ಲಿ ಕೆಲಸ ಕಳೆದುಕೊಂಡವರ ಸಂಖ್ಯೆ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಅನ್ನ ಬಡಿಸುತ್ತಿದ್ದವರು ಇರಲಿಲ್ಲ.

ಜೂನ್‌ನಲ್ಲಿ ಕಾಂಟ್ರಾಕ್ಟ್ ಹುಡುಗರಿಗೆ 'ಬ್ರೇಕ್' ಕೊಡುವುದು ಶುರುವಾಯಿತು. ಕಾಯಂ ನೌಕರರು 140, ಇಬ್ಬರು ಗುತ್ತಿಗೆದಾರರ ಅಡಿಯಲ್ಲಿ ಸುಮಾರು 160 ಜನ. ಹೆಚ್ಚಿನವರು ರಾಯಚೂರು, ಕಲಬುರಗಿ, ಚಿತ್ರದುರ್ಗ ಕಡೆಯ ಐಟಿಐ, ಡಿಪ್ಲೊಮಾ ಮಾಡಿದವರು. ಬ್ರೇಕ್ ಎಂದರೆ ಸೂಪರ್‌ವೈಸರ್ ಸಂಜೆ ಬಂದು 'ನಾಳೆಯಿಂದ ಬರಬೇಡ, ಫೋನ್ ಮಾಡ್ತೀವಿ' ಎನ್ನುವುದು. ಕಾಗದ ಇರುವುದಿಲ್ಲ, ಮರುದಿನ ಬೆಳಿಗ್ಗೆ ಗೇಟಿನಲ್ಲಿ ಪಂಚಿಂಗ್ ಕಾರ್ಡ್ ಕೆಲಸ ಮಾಡುವುದಿಲ್ಲ. ಬ್ರೇಕ್ ಎಂದ ಮೇಲೆ ಕೆಲಸ ಇನ್ನೂ ಇದೆ ಎಂದು ಅವರು ರೂಮಿನಲ್ಲಿ ಕಾಯುತ್ತಾರೆ. ಎರಡು ತಿಂಗಳು ಬಾಡಿಗೆ ಕಟ್ಟಿ ಊರಿಗೆ ಹೋಗುತ್ತಾರೆ. ಗುತ್ತಿಗೆದಾರನ ದಾಖಲೆಯಲ್ಲಿ ಮಾತ್ರ ಅವರು ಮೊದಲ ದಿನವೇ 'ಬಿಟ್ಟು ಹೋದವರು'.

ಇಲ್ಲಿ 240 ಎಂಬ ಸಂಖ್ಯೆ ತಿಳಿದಿರಬೇಕು. ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಸಂಬಳ ಸಹಿತ ವಾರದ ರಜೆ, ಹಬ್ಬದ ರಜೆಗಳೂ ಆ ಎಣಿಕೆಗೆ ಸೇರುತ್ತವೆ. ಇದು ಗೊತ್ತಿಲ್ಲದೆ ಹಾಜರಿ ಪುಸ್ತಕದ ಹಾಜರಿ ಮಾತ್ರ ಎಣಿಸಿ 228 ಬಂತು ಎಂದು ಸುಮ್ಮನಾದವರಿದ್ದರು. ನಿರಂತರ ಸೇವೆ ಇದ್ದವರನ್ನು ಶಿಕ್ಷೆಯಾಗಿ ಅಲ್ಲದೆ ತೆಗೆಯಬೇಕಾದರೆ, ಅಂದರೆ ರಿಟ್ರೆಂಚ್‌ಮೆಂಟ್ ಮಾಡಬೇಕಾದರೆ, 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಪ್ರಕಾರ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಆ ತಿಂಗಳ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಕಾಂಟ್ರಾಕ್ಟ್ ಎಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಕೊಡಬೇಕಾದವನು ಗುತ್ತಿಗೆದಾರ, ಅಷ್ಟೇ. ಅವನು 'ಅವಧಿ ಮುಗಿದ ಒಪ್ಪಂದ, ಇದು ರಿಟ್ರೆಂಚ್‌ಮೆಂಟ್ ಅಲ್ಲ' ಎಂಬ ವಿನಾಯಿತಿ ಹಿಡಿಯುತ್ತಾನೆ. ಆಗ ಕೇಳಬೇಕಾದದ್ದು ಒಂದೇ: ಅವಧಿ ಬರೆದು ನಾನು ಸಹಿ ಮಾಡಿದ ನೇಮಕಾತಿ ಪತ್ರ ತೋರಿಸಿ. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಪತ್ರವೇ ಇರಲಿಲ್ಲ.

ಕೋಡ್

ಇಬ್ಬರು ಗುತ್ತಿಗೆದಾರರು, ತಲಾ 80ರ ಆಸುಪಾಸಿನ ಹುಡುಗರು, ಕೆಲಸ ಹೋದದ್ದು ಅದೇ ಜುಲೈನಲ್ಲಿ. ಕೊನೆಗೆ ಕೈಗೆ ಬಂದ ಹಣದಲ್ಲಿ ಮಾತ್ರ ಅಜಗಜಾಂತರ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಂತಿಗೆ ಕಟ್ಟುವಾಗ ಮಾಲೀಕರು ಪ್ರತಿ ತಿಂಗಳು ಒಂದು ಎಕ್ಸೆಲ್ ಫೈಲ್ ಏರಿಸುತ್ತಾರೆ. ಯಾರಿಗಾದರೂ ಕೆಲಸದ ದಿನ ಸೊನ್ನೆ ಇದ್ದರೆ ಕಾರಣದ ಸಂಖ್ಯೆ, ಅಂದರೆ ಕೋಡ್, ಹಾಕಬೇಕು. ರಜೆಯಲ್ಲಿದ್ದರೆ 1, ಕೆಲಸ ಬಿಟ್ಟರೆ 2, ನಿವೃತ್ತಿ 3, ಮುಷ್ಕರ ಅಥವಾ ಲಾಕೌಟ್ 9, ರಿಟ್ರೆಂಚ್‌ಮೆಂಟ್ 10, ಕೆಲಸ ಇಲ್ಲ 11. ಆಫೀಸಿನ ಗುಮಾಸ್ತರಿಗೆ ರೂಢಿ 2. ಯಾರು ಹೋದರೂ 2. ಮೊದಲ ಗುತ್ತಿಗೆದಾರನ ಹುಡುಗರೆಲ್ಲರಿಗೂ ಅದೇ ಬಿತ್ತು. ಎರಡನೆಯವನ ಹುಡುಗರಲ್ಲಿ ಕೆಲವರು ಬಾಯಿಮಾತಿಗೆ ಜಗ್ಗದೆ ಕಾಗದ ಕೇಳಿ ಕಾರ್ಮಿಕಾಧಿಕಾರಿಗೆ ಅರ್ಜಿ ಕೊಟ್ಟರು. ಮೂರನೇ ಸಭೆಯ ಹೊತ್ತಿಗೆ 25ಎಫ್ ನಮೂದಿಸಿದ ಪತ್ರ ಬಂತು, ಫೈಲಿನಲ್ಲಿ 10 ಬಿತ್ತು.

ವ್ಯತ್ಯಾಸವನ್ನು ರೂಪಾಯಿಯಲ್ಲಿ ನೋಡೋಣ. ಒಟ್ಟು ಸಂಬಳ 16,000, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 14,000, ಸೇವೆ 6 ವರ್ಷ 8 ತಿಂಗಳು ಇರುವ ಒಬ್ಬ ಆಪರೇಟರ್. ಆರು ತಿಂಗಳು ಮೀರಿದ್ದರಿಂದ 7 ವರ್ಷ ಎಂದು ಹಿಡಿಯಬೇಕು.

ಗ್ರಾಚ್ಯುಟಿ: 14,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 7ರಿಂದ ಗುಣಿಸಿದರೆ 56,538. ಇದು ಐದು ವರ್ಷ ಮುಗಿಸಿದ ಎಲ್ಲರಿಗೂ ಸಿಗಬೇಕು, ರಾಜೀನಾಮೆ ಕೊಟ್ಟಿದ್ದರೂ.
ರಿಟ್ರೆಂಚ್‌ಮೆಂಟ್ ಪರಿಹಾರ: ಇಲ್ಲಿ 26ರ ಭಾಗಾಕಾರವಿಲ್ಲ, ತಿಂಗಳ ಸಂಬಳದ ಅರ್ಧ. ಲೆಕ್ಕಕ್ಕೆ ಮನೆಬಾಡಿಗೆ ಭತ್ಯೆಯಂಥವೂ ಸೇರುತ್ತವೆ. 8,000ವನ್ನು 7ರಿಂದ ಗುಣಿಸಿದರೆ 56,000.
ನೋಟಿಸ್ ಸಂಬಳ: 16,000.

ಇಷ್ಟಕ್ಕೇ ಮುಗಿಯುವುದಿಲ್ಲ. ಇಎಸ್‌ಐನಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬುದೊಂದಿದೆ. ಎರಡು ವರ್ಷ ವಂತಿಗೆ ಕಟ್ಟಿದ್ದು, ರಿಟ್ರೆಂಚ್‌ಮೆಂಟ್ ಅಥವಾ ಕಾರ್ಖಾನೆ ಮುಚ್ಚಿದ ಕಾರಣಕ್ಕೆ ಕೆಲಸ ಹೋಗಿದ್ದರೆ ಮೊದಲ 12 ತಿಂಗಳು ದಿನದ ಸರಾಸರಿ ವೇತನದ ಶೇ 50, ನಂತರದ 12 ತಿಂಗಳು ಶೇ 25. ದಿನದ ಸರಾಸರಿ 600 ರೂಪಾಯಿ ಎಂದರೆ ಮೊದಲ ವರ್ಷ 1,09,500, ಎರಡನೇ ವರ್ಷ 54,750. ಒಟ್ಟು 1,64,250. ಬೇರೆ ಕೆಲಸ ಸಿಕ್ಕ ದಿನ ನಿಲ್ಲುತ್ತದೆ, ಅದುವರೆಗೆ ಮನೆಯವರಿಗೆಲ್ಲ ವೈದ್ಯಕೀಯ ಸೌಲಭ್ಯವೂ ಇರುತ್ತದೆ. ಗ್ರಾಚ್ಯುಟಿಯ ಮೂರರಷ್ಟು ಹಣ, ಆದರೂ ಶಾಪ್ ಫ್ಲೋರಿನಲ್ಲಿ ಹತ್ತರಲ್ಲಿ ಒಬ್ಬರಿಗೂ ಇದರ ಹೆಸರು ಗೊತ್ತಿರಲಿಲ್ಲ.

ಕೋಡ್ 2ರವನಿಗೆ ಇದು ಇಲ್ಲ. ಅವನಿಗೆ ಉಳಿಯುವುದು 2018ರ ಜುಲೈನಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಆಗ ಅದು ಶೇ 25ರಂತೆ ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಮ್ಮೆ. ನಮ್ಮ ಲೆಕ್ಕದ ಹುಡುಗನಿಗೆ 13,500 ರೂಪಾಯಿ. ಅದಕ್ಕೂ ಕೆಲಸ ಹೋಗಿ ಮೂರು ತಿಂಗಳು ಕಾಯಬೇಕಿತ್ತು, 20 ರೂಪಾಯಿಯ ಛಾಪಾ ಕಾಗದದಲ್ಲಿ ಅಫಿಡವಿಟ್ ಬೇರೆ. 2020ರ ಮಾರ್ಚ್ 24ರಿಂದ ಅದು ಶೇ 50 ಆಯಿತು. 2019ರಲ್ಲೇ ಅರ್ಜಿ ಹಾಕಿ ಮುಗಿಸಿದವರಿಗೆ ಹೆಚ್ಚಿದ್ದು ಸಿಗಲಿಲ್ಲ.

ಕೋಡ್ ತಪ್ಪಾಗಿದ್ದರೆ ತಿದ್ದಿಸಬಹುದು. ಆದರೆ ಅದಕ್ಕೆ ರಿಟ್ರೆಂಚ್‌ಮೆಂಟ್ ಎಂದು ಬರೆದ ಪತ್ರ ಕೈಯಲ್ಲಿರಬೇಕು. ನೀವೇ 'ಸ್ವಂತ ಕಾರಣಗಳಿಂದ ರಾಜೀನಾಮೆ' ಎಂದು ಬರೆದುಕೊಟ್ಟಿದ್ದರೆ ಇಎಸ್‌ಐ ಶಾಖಾ ಕಚೇರಿಯವರು ಏನೂ ಮಾಡಲಾರರು. ಗುತ್ತಿಗೆದಾರರು ಮೂರು ಕಾಗದ ಒಟ್ಟಿಗೆ ಮುಂದಿಡುತ್ತಾರೆ: ಸಂಬಳದ ವೋಚರ್, ನೋ ಡ್ಯೂ (ಬಾಕಿ ಇಲ್ಲ ಎಂಬ ಪತ್ರ), ಅದರಡಿಯಲ್ಲಿ ಟೈಪ್ ಮಾಡಿದ ರಾಜೀನಾಮೆ. 'ಸಹಿ ಹಾಕಿದರೆ ಇವತ್ತೇ ಚೆಕ್' ಎನ್ನುತ್ತಾರೆ. ವೋಚರಿಗೆ ಸಹಿ ಹಾಕಿ, ಪಕ್ಕದಲ್ಲಿ 'ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದೆ' ಎಂದು ಬರೆಯಿರಿ. ರಾಜೀನಾಮೆಗೆ ಹಾಕಬೇಡಿ. ಕಾರ್ಖಾನೆಯೇ ತೆಗೆದುಹಾಕಿದಾಗ ಬಾಕಿ ಸಂಬಳವನ್ನು ಎರಡನೇ ಕೆಲಸದ ದಿನ ಮುಗಿಯುವುದರೊಳಗೆ ಕೊಡಬೇಕೆಂದು ವೇತನ ಪಾವತಿ ಕಾಯ್ದೆಯಲ್ಲೇ ಇತ್ತು, ಅದಕ್ಕೆ ರಾಜೀನಾಮೆಯ ಷರತ್ತಿಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮುಖ್ಯ ಕಂಪನಿ ಕೊಡಬೇಕು, 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಅದನ್ನೂ ಹೇಳುತ್ತಿತ್ತು.

ಕಾಯಂ ನೌಕರರು

100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಲೇಆಫ್ (ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಕೂರಿಸುವುದು) ಮಾಡಲೂ ರಿಟ್ರೆಂಚ್ ಮಾಡಲೂ ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು, ರಿಟ್ರೆಂಚ್‌ಮೆಂಟಿಗೆ ಮೂರು ತಿಂಗಳ ನೋಟಿಸ್. ಅರ್ಜಿ ಹಾಕಿದರೆ 60 ದಿನ ಕಾಯಬೇಕು, ಎರಡೂ ಕಡೆಯವರ ವಿಚಾರಣೆ ನಡೆಯುತ್ತದೆ, ಲೆಕ್ಕಪತ್ರ ತೆರೆದಿಡಬೇಕಾಗುತ್ತದೆ. ಅದನ್ನು ಯಾವ ಆಡಳಿತವೂ ಇಷ್ಟಪಡುವುದಿಲ್ಲ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಈ ಮಿತಿ 300ಕ್ಕೆ ಏರಿದೆ. ನಮ್ಮದರಂಥ ಘಟಕಕ್ಕೆ ಇನ್ನು ಅನುಮತಿಯ ಅಗತ್ಯವೇ ಇಲ್ಲ.

ಅನುಮತಿ ಕೇಳದೆ ಜನ ಕಡಿಮೆ ಮಾಡುವ ದಾರಿ ಎರಡು. ಒಂದು 'ನೋ ಪ್ರೊಡಕ್ಷನ್ ಡೇ'. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದೊಡ್ಡ ಕಂಪನಿಗಳೇ ಬಾಗಿಲು ಹಾಕುತ್ತಿದ್ದವು: ಮಾರುತಿ ಸೆಪ್ಟೆಂಬರ್ 7 ಮತ್ತು 9ರಂದು ಗುರುಗ್ರಾಮ, ಮಾನೇಸರ್ ಘಟಕ ನಿಲ್ಲಿಸಿತು, ಅಶೋಕ್ ಲೇಲ್ಯಾಂಡ್ ಹೊಸೂರು, ಎಣ್ಣೋರ್ ಘಟಕಗಳಿಗೆ ರಜೆ ಘೋಷಿಸಿತು. ನಮ್ಮಲ್ಲಿ ತಿಂಗಳಿಗೆ ಆರು ದಿನ. ಅದರಲ್ಲಿ ಅರ್ಧದಷ್ಟು ದಿನಗಳನ್ನು ಗಳಿಕೆ ರಜೆಯಿಂದ ಕಳೆಯುವುದು, ಉಳಿದರ್ಧ ಕಂಪನಿ ಭರಿಸುವುದು ಎಂದು ಒಪ್ಪಂದವಾಯಿತು. ಮೇಲ್ನೋಟಕ್ಕೆ ನ್ಯಾಯವಾಗಿತ್ತು. ಆದರೆ ಕೆಲಸ ಬಿಡುವಾಗ ನಗದಾಗಬೇಕಿದ್ದ ಗಳಿಕೆ ರಜೆ ಅಷ್ಟರಲ್ಲಿ ಕರಗಿಹೋಗಿತ್ತು. ಇನ್ನೊಂದು ಸಲ ಕೂರಬೇಕಾಗಿ ಬಂದರೆ ರಜೆಗೆ ಮಿತಿ ಹಾಕಿಯೇ ಸಹಿ ಮಾಡುತ್ತೇವೆ.

ಅನುಮತಿ ಪಡೆದ ನಿಜವಾದ ಲೇಆಫ್ ಆದರೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗುತ್ತದೆ. ಅದರಲ್ಲೊಂದು ಬಲೆ ಇದೆ: ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಗೇಟಿಗೆ ಬಂದು ಹಾಜರಿ ಹಾಕದಿದ್ದರೆ ಆ ದಿನದ ಪರಿಹಾರ ಹೋಯಿತು. ಪಕ್ಕದ ಘಟಕದಲ್ಲಿ ಮಂಡ್ಯದ ಕಡೆಯವರು ಲೇಆಫ್ ಎಂದು ಊರಿಗೆ ಹೋಗಿ ಗದ್ದೆ ಕೆಲಸ ಮಾಡಿ ಬಂದರು, 18 ದಿನದ ಹಣ ಕಳೆದುಕೊಂಡರು.

ಎರಡನೇ ದಾರಿ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆ. ಸೂಚನಾ ಫಲಕದಲ್ಲಿ ಸೂತ್ರ ಬಿತ್ತು: ಮುಗಿಸಿದ ವರ್ಷಕ್ಕೆ ಇಷ್ಟು ದಿನದ ಸಂಬಳ ಅಥವಾ ನಿವೃತ್ತಿಗೆ ಉಳಿದ ತಿಂಗಳ ಸಂಬಳ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಈ 'ಕಡಿಮೆ ಯಾವುದೋ ಅದು' ಎಂಬುದನ್ನು ಓದದವರು 56ರ ಮೇಲಿನ ವಯಸ್ಸಿನವರು. ಅವರಿಗೆ ಉಳಿದ ತಿಂಗಳೇ ಕಡಿಮೆ, ಬಂದದ್ದು ಅಂದುಕೊಂಡದ್ದರ ಅರ್ಧ. ಆದಾಯ ತೆರಿಗೆಯಲ್ಲಿ 5 ಲಕ್ಷದವರೆಗೆ ವಿನಾಯಿತಿ ಇದೆ, ಆದರೆ 10 ವರ್ಷ ಸೇವೆ ಅಥವಾ 40 ವರ್ಷ ವಯಸ್ಸು ದಾಟಿರಬೇಕು, ಯೋಜನೆ ತೆರಿಗೆ ನಿಯಮಕ್ಕೆ ಒಪ್ಪುವಂತಿರಬೇಕು. ವಿಆರ್‌ಎಸ್ ತೆಗೆದುಕೊಂಡವರಿಗೆ ಮೇಲೆ ಹೇಳಿದ ಎರಡೂ ಇಎಸ್‌ಐ ಭತ್ಯೆ ಇಲ್ಲ. ಕಾಯಂನವರಲ್ಲಿ ಹೆಚ್ಚಿನವರು 21,000ದ ಇಎಸ್‌ಐ ಮಿತಿ ದಾಟಿದ್ದರಿಂದ ಇದು ತಟ್ಟಲಿಲ್ಲ. ಮಿತಿಯೊಳಗಿದ್ದ ಕಿರಿಯರಿಗೆ ತಟ್ಟಿತು, ಆ ಲೆಕ್ಕ ಹಾಕಿ ನೋಡದೆ ಅವರೇ ಮೊದಲು ಅರ್ಜಿ ಹಾಕಿದ್ದರು. ಗುತ್ತಿಗೆದಾರರು ರಿಟ್ರೆಂಚ್‌ಮೆಂಟಿನಲ್ಲಿ ಕೊನೆಗೆ ಬಂದವರನ್ನು ಮೊದಲು ಕಳಿಸಬೇಕಿತ್ತು, ಹಿರಿತನದ ಪಟ್ಟಿ ಏಳು ದಿನ ಮೊದಲು ಹಾಕಬೇಕಿತ್ತು. ವಿಆರ್‌ಎಸ್‌ಗೆ ಆ ಕಟ್ಟುಪಾಡೂ ಇಲ್ಲ. ಬೇಕಾದವರ ಅರ್ಜಿ ತಿರಸ್ಕರಿಸಿ, ಬೇಡದವರನ್ನು ಕರೆದು ಮಾತಾಡಿಸಿದರು.

ಲಾಕರ್ ಬೀಗದಿಂದ ಪಿಎಫ್‌ವರೆಗೆ

ಹೊರಡುವ ದಿನ ಪೇಸ್ಲಿಪ್ ಪೋರ್ಟಲ್ ಸಂಜೆಯೇ ಮುಚ್ಚುತ್ತದೆ. ಹಿಂದಿನ 12 ತಿಂಗಳ ಪೇಸ್ಲಿಪ್, ಫಾರಂ 16, ರಜೆಯ ಖಾತೆ ಇವನ್ನು ಬೆಳಿಗ್ಗೆಯೇ ಇಳಿಸಿಕೊಳ್ಳಿ. ನೋ ಡ್ಯೂ ಪತ್ರ ಸಿಕ್ಕಿಬೀಳುವುದು ಟೂಲ್ ಸ್ಟೋರಿನಲ್ಲಿ. ಎರಡು ವರ್ಷದ ಹಿಂದೆ ಲೈನಿಗೆ ಕೊಟ್ಟ, ತಿರುಪಿನ ಅಳತೆ ನೋಡುವ ಥ್ರೆಡ್ ಪ್ಲಗ್ ಗೇಜ್ ಪಾಳಿಯಿಂದ ಪಾಳಿಗೆ ಕೈ ಬದಲಾಗಿ ಎಲ್ಲೋ ಹೋಗಿರುತ್ತದೆ, ರಿಜಿಸ್ಟರಿನಲ್ಲಿ ಮಾತ್ರ ನಿಮ್ಮ ಟೋಕನ್ ನಂಬರ್ ಇರುತ್ತದೆ. ಅದೊಂದಕ್ಕೆ ಇಡೀ ಸೆಟಲ್‌ಮೆಂಟ್ ಮೂರು ವಾರ ನಿಂತದ್ದಿದೆ. ಗೇಜನ್ನು ಸೆಲ್‌ನ ಹೆಸರಿಗೆ ವರ್ಗಾಯಿಸಿ ಸಹಿ ಪಡೆಯುವ ಕೆಲಸ ತಿಂಗಳ ಮೊದಲೇ ಆಗಬೇಕು. ನೌಕರರ ಸೊಸೈಟಿಯ ಸಾಲವನ್ನು ಸೆಟಲ್‌ಮೆಂಟಿನಲ್ಲಿ ತಪ್ಪದೆ ಹಿಡಿಯುತ್ತಾರೆ. ಷೇರು ಹಣ ತಾನಾಗಿ ಬರುವುದಿಲ್ಲ, ಬೇರೆ ಅರ್ಜಿ ಕೊಡಬೇಕು. ಬೋನಸ್ಸೂ ಹಾಗೆಯೇ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ದುಡಿದವರಿಗೆ ಆ ಐದು ತಿಂಗಳ ಬೋನಸ್ ಮುಂದಿನ ವರ್ಷ ಲೆಕ್ಕ ಮುಗಿದ ಮೇಲೆ ಬರಬೇಕು, 30 ದಿನ ಕೆಲಸ ಮಾಡಿದ್ದರೆ ಸಾಕು. ಹೋಗಿ ಕೇಳಿದವರು ಬೆರಳೆಣಿಕೆ.

ಇಎಸ್‌ಐ ಕಾರ್ಡ್ ಬಿಸಾಡಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಸೌಲಭ್ಯ ಸಿಗುವ ಅವಧಿ ಮುಂದಿನ ಜನವರಿಯಿಂದ ಜೂನ್. ಆಗಸ್ಟ್‌ನಲ್ಲಿ ಕೆಲಸ ಹೋದರೂ ಆ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಮುಂದಿನ ಜೂನ್‌ವರೆಗೆ ಚಿಕಿತ್ಸೆಯ ಹಕ್ಕಿದೆ. ಪೀಣ್ಯ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದಾಗಿದ್ದವರು ಖಾಸಗಿ ನರ್ಸಿಂಗ್ ಹೋಮಿಗೆ ಸೆಟಲ್‌ಮೆಂಟ್ ಹಣ ಸುರಿದರು.

ಪಿಎಫ್ ವಿಷಯದಲ್ಲಿ ತೊಡಕು ಹೆಚ್ಚು. ಆಗಿನ ನಿಯಮದಂತೆ ಒಂದು ತಿಂಗಳು ನಿರುದ್ಯೋಗವಾದರೆ ಶೇ 75, ಎರಡು ತಿಂಗಳಾದರೆ ಪೂರ್ತಿ. ಆದರೆ ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕ ಗುರುತು ಮಾಡದೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ, ಗುತ್ತಿಗೆದಾರ ಫೋನೇ ಎತ್ತುತ್ತಿರಲಿಲ್ಲ. 2020ರ ಜನವರಿಯಿಂದ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೌಕರರೇ ಆ ದಿನಾಂಕ ನಮೂದಿಸುವ ಅವಕಾಶ ಬಂತು. ನಮ್ಮ ಹುಡುಗರಲ್ಲಿ ಹಲವರ ಹಣ ಬಿಡುಗಡೆಯಾದದ್ದು ಆಮೇಲೆ. ಇನ್ನೊಂದು ತೊಡಕು ನಮ್ಮ ಹೆಸರುಗಳದ್ದೇ. ಪಿಎಫ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೂ ಊರ ಹೆಸರೂ ಪೂರ್ತಿ. ಗಣಕಕ್ಕೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಆಗ ತಿದ್ದುಪಡಿಯ ಜಂಟಿ ಘೋಷಣೆಗೆ ಮಾಲೀಕರ ಸಹಿ ಬೇಕಿತ್ತು. ಸಂಬಂಧ ಚೆನ್ನಾಗಿರುವಾಗ, ಅಂದರೆ ಕೆಲಸದಲ್ಲಿರುವಾಗಲೇ ಮುಗಿಸಿಕೊಳ್ಳಬೇಕಾದ ಕೆಲಸ ಅದು.

ಗುತ್ತಿಗೆದಾರ ಬದಲಾದಾಗಲೆಲ್ಲ ಒಂದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಅಡಿಯಲ್ಲಿ ಹೊಸ ಸದಸ್ಯ ಸಂಖ್ಯೆ ಹುಟ್ಟಿರುತ್ತದೆ. ಹಳೆಯದನ್ನು ಹೊಸದಕ್ಕೆ ವರ್ಗಾಯಿಸದೆ ಹಿಂಪಡೆದರೆ ಸೇವೆ ಐದು ವರ್ಷಕ್ಕಿಂತ ಕಡಿಮೆ ಎಂದು ತೋರುತ್ತದೆ, 50,000 ಮೀರಿದರೆ ಶೇ 10 ಟಿಡಿಎಸ್ ಕಡಿತ. ಮೊದಲು ವರ್ಗಾವಣೆ, ಆಮೇಲೆ ಹಿಂಪಡೆಯುವುದು. ಪಿಂಚಣಿ ಪಾಲನ್ನು ತೆಗೆಯಬೇಕೇ ಎಂಬುದಕ್ಕೆ ನಮ್ಮ ಉತ್ತರ: ಏಳೆಂಟು ವರ್ಷ ಸೇವೆಯಿದ್ದು ಮುಂದೆ ಪಿಎಫ್ ಇರುವ ಕೆಲಸಕ್ಕೆ ಹೋಗುವ ಅಂದಾಜಿದ್ದರೆ ಬೇಡ. ಫಾರಂ 10ಸಿಯಲ್ಲೇ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು, ಹತ್ತು ವರ್ಷದ ಪಿಂಚಣಿ ಅರ್ಹತೆಗೆ ಹಳೆಯ ವರ್ಷಗಳು ಸೇರುತ್ತವೆ. ಕೈಯಲ್ಲಿ ಕಾಸಿಲ್ಲದವರಿಗೆ ಈ ಮಾತು ಹೇಳುವುದು ಕಷ್ಟ.

ಗ್ರಾಚ್ಯುಟಿ 30 ದಿನದೊಳಗೆ ಬರಬೇಕು. ಬಾರದಿದ್ದರೆ ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ಯಾವ ವಲಯದ ಸಹಾಯಕ ಕಾರ್ಮಿಕ ಆಯುಕ್ತರಿಗೆ ಅರ್ಜಿ ಎಂದು ಹೇಳುತ್ತಾರೆ. ಅಗ್ಗದ ದಾರಿ, ವಕೀಲರಿಲ್ಲದೆಯೂ ಆಗುತ್ತದೆ. ಕೆಲಸದಿಂದ ತೆಗೆದದ್ದೇ ತಪ್ಪು ಎಂಬ ತಕರಾರಿಗೆ ಆಗ ಬೇರೆ ದಾರಿಯಿತ್ತು: ಸಂಧಾನಾಧಿಕಾರಿಗೆ ಅರ್ಜಿ, 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೇರ ಕಾರ್ಮಿಕ ನ್ಯಾಯಾಲಯ. ಆಗ ಅದಕ್ಕೆ ಮೂರು ವರ್ಷದ ಗಡುವಿತ್ತು. ಹೊಸ ಸಂಹಿತೆಗಳು ಬಂದ ಮೇಲೆ ನಿಗದಿತ ಅವಧಿಗೆ ನೇಮಕವಾದ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ, ರಿಟ್ರೆಂಚ್ ಆದವರಿಗೆ ಮರುತರಬೇತಿ ನಿಧಿಯಿಂದ 15 ದಿನದ ವೇತನ ಸೇರಿವೆ. ಎರಡನೆಯದು ಸಿಗಬೇಕಾದರೂ ಕಾಗದದಲ್ಲಿ ರಿಟ್ರೆಂಚ್‌ಮೆಂಟ್ ಎಂದೇ ಇರಬೇಕು.

ಮರಳಿ ಬಾರದ ಲೈನ್

ಕೆಲಸ ಹೋದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬ್ರೇಕ್, ಸ್ಟೀರಿಂಗ್ ಭಾಗಗಳ ಲೈನಿಗೆ ಮಂದಗತಿ ಬಂದು ಹೋಗುವ ಮಳೆ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ನಾಜಲ್ ಲೈನಿಗೆ ಹಾಗಲ್ಲ. 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾರುವುದಿಲ್ಲ ಎಂದು ಮಾರುತಿ 2019ರ ಏಪ್ರಿಲ್‌ನಲ್ಲೇ ಹೇಳಿತ್ತು. ನಾಜಲ್ ಬಾಡಿ ಕೊರೆಯುವ, ಸೂಜಿಯನ್ನು ಕೆಲವೇ ಮೈಕ್ರಾನ್ ಅಂತರಕ್ಕೆ ಹೊಂದಿಸುವ ಯಂತ್ರಗಳು ಅದೊಂದೇ ಕೆಲಸಕ್ಕೆ ಕಟ್ಟಿದವು. ಪೆಟ್ರೋಲ್ ಎಂಜಿನ್ನಿಗೆ ಅವು ಬೇಡ. ಆ ಲೈನಿನಲ್ಲಿ ಬಟನ್ ಒತ್ತಿ ಮಾಲು ತುಂಬುತ್ತಿದ್ದವರಿಗೆ ಹೊರಗೆ ಹೊಂದುವ ಕೆಲಸ ಸಿಗಲಿಲ್ಲ. ಅದೇ ಲೈನಿನಲ್ಲಿ ಗ್ರೈಂಡಿಂಗ್ ವೀಲ್ ಡ್ರೆಸ್ ಮಾಡಿ (ಸಾಣೆಕಲ್ಲನ್ನು ಹದಗೊಳಿಸಿ) ಮೈಕ್ರಾನ್ ಹಿಡಿಯುತ್ತಿದ್ದ, ಯಂತ್ರ ಹೊಂದಿಸುವ ಸೆಟರ್‌ಗಳನ್ನು ವಿಮಾನದ ಭಾಗ ಮಾಡುವವರು ಎರಡು ತಿಂಗಳಲ್ಲಿ ಕರೆದರು. ಯಂತ್ರದ ಹೆಸರಿಗಿಂತ ಕಂಟ್ರೋಲರ್ ಹೆಸರು, ಹಿಡಿದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಓದಬಲ್ಲ ಡ್ರಾಯಿಂಗ್ ಇವನ್ನು ಅರ್ಜಿಯಲ್ಲಿ ಬರೆದವರಿಗೆ ಸಂದರ್ಶನ ಬಂತು. 'ಎಂಟು ವರ್ಷ ಆಪರೇಟರ್' ಎಂದಷ್ಟೇ ಬರೆದವರಿಗೆ ಬರಲಿಲ್ಲ.

2020ರ ಕೊನೆಯಲ್ಲಿ ಶೆಡ್ಯೂಲ್ ಮತ್ತೆ ಏರಿತು. ಕಾನೂನಿನಲ್ಲಿ ಇದಕ್ಕೂ ಒಂದು ಕಲಮು ಇತ್ತು: ಮತ್ತೆ ಜನ ಬೇಕಾದಾಗ ರಿಟ್ರೆಂಚ್ ಆದವರನ್ನೇ ಮೊದಲು ಕರೆಯಬೇಕು, ನೋಂದಾಯಿತ ಅಂಚೆಯಲ್ಲಿ ತಿಳಿಸಬೇಕು. ರಾಜೀನಾಮೆ ಕೊಟ್ಟವರಿಗೆ, ವಿಆರ್‌ಎಸ್ ಪಡೆದವರಿಗೆ ಅದು ಇಲ್ಲ. ಹಾಗಾಗಿ ಕರೆ ಹೋದದ್ದು ಎರಡನೇ ಗುತ್ತಿಗೆದಾರನ ಹುಡುಗರಿಗೆ ಮಾತ್ರ, 31 ಲಕೋಟೆ. ಎಲ್ಲವೂ ಗೇಟ್ ಪಾಸಿನಲ್ಲಿದ್ದ ಬಾಡಿಗೆ ರೂಮಿನ ವಿಳಾಸಕ್ಕೆ ಹೋದವು. ರೂಮು ಖಾಲಿ ಮಾಡಿ ಊರು ಸೇರಿದ್ದವರ 14 ಲಕೋಟೆ ವಾಪಸ್ ಬಂದವು. ಸೆಟಲ್‌ಮೆಂಟ್ ಅರ್ಜಿಯಲ್ಲಿ ವಿಳಾಸದ ಜಾಗದಲ್ಲಿ ಊರಿನ ವಿಳಾಸ ಬರೆಯಿರಿ, ಹೋಬಳಿ, ತಾಲ್ಲೂಕು, ಪಿನ್‌ಕೋಡ್ ಸಮೇತ.